ಶುಕ್ರವಾರದ ಮೀನು

ತಪಸ್ಸುಕಾಲದ ಶುಕ್ರವಾರಗಳಂದು ನಮ್ಮ ಅನೇಕ ಮನೆಗಳಲ್ಲಿ ಮಾಂಸದ ಅಡುಗೆ ಇರುವುದಿಲ್ಲ. ಹಿರಿಯರು ಕಾಪಾಡಿಕೊಂಡು ಬಂದ ಈ ಪುಟ್ಟ ನಿಯಮವು ಬೃಹತ್ ಬಹುರಾಷ್ಟ್ರೀಯ ಆಹಾರ ಸಂಸ್ಥೆಯೊಂದರ ತಿನಿಸುಪಟ್ಟಿಯನ್ನೇ ಬದಲಿಸಿತು ಎಂದರೆ ನಂಬುವಿರಾ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸ್ಯಾನ್ ಬರ್ನಾರ್ಡಿನೊ ಪಟ್ಟಣದಲ್ಲಿ ರಿಚರ್ಡ್ ಮತ್ತು ಮಾರಿಸ್ ಮ್ಯಾಕ್‌ಡೊನಾಲ್ಡ್ ಸಹೋದರರು 1940ರಲ್ಲಿ ಹೋಟೆಲೊಂದನ್ನು ತೆರೆದರು. 1948ರಲ್ಲಿ ಪರಿಚಾರಕರನ್ನೂ ಉದ್ದನೆಯ ತಿನಿಸುಪಟ್ಟಿಯನ್ನೂ ಕೈಬಿಟ್ಟು, ಕಾರ್ಖಾನೆಯ ಶಿಸ್ತಿನಲ್ಲಿ ಹ್ಯಾಂಬರ್ಗರ್ ತಯಾರಿಸಿ 15 ಸೆಂಟಿಗೆ ಮಾರತೊಡಗಿದರು. ಮಿಲ್ಕ್‌ಶೇಕ್ ಯಂತ್ರಗಳ ವ್ಯಾಪಾರಿಯಾಗಿದ್ದ ರೇ ಕ್ರಾಕ್ ಈ ಪದ್ಧತಿಗೆ ಮನಸೋತು 1955ರಲ್ಲಿ ಇಲಿನಾಯ್ ರಾಜ್ಯದ ಡೆಸ್ ಪ್ಲೇನ್ಸ್‌ನಲ್ಲಿ ತಮ್ಮ ಮೊದಲ ಅಂಗಡಿಯನ್ನು ಆರಂಭಿಸಿದರು. 1961ರಲ್ಲಿ 27 ಲಕ್ಷ ಡಾಲರು ತೆತ್ತು ಇಡೀ ಸಂಸ್ಥೆಯನ್ನೇ ಕೊಂಡುಕೊಂಡರು. ಎಲ್ಲೆಡೆಯೂ ಒಂದೇ ರುಚಿ, ಒಂದೇ ಅಳತೆ ಎಂಬುದು ಅವರ ನಿಯಮವಾಗಿತ್ತು.

ಈ ನಿಯಮಕ್ಕೆ ತೊಡಕು ಎದುರಾದದ್ದು ಓಹಾಯೋ ರಾಜ್ಯದ ಸಿನ್ಸಿನಾಟಿಯಲ್ಲಿ. ಅಲ್ಲಿ ಲೂ ಗ್ರೋಯನ್ ಎಂಬವರು ನಡೆಸುತ್ತಿದ್ದ ಅಂಗಡಿಯ ಸುತ್ತಮುತ್ತ ಕಥೋಲಿಕ ಕುಟುಂಬಗಳೇ ಹೆಚ್ಚು. ಆ ಕಾಲದಲ್ಲಿ ವರ್ಷದ ಎಲ್ಲ ಶುಕ್ರವಾರಗಳಲ್ಲೂ ಮಾಂಸವರ್ಜನೆ ಕಡ್ಡಾಯವಾಗಿತ್ತು. ಆದುದರಿಂದ ಶುಕ್ರವಾರ ಬಂತೆಂದರೆ ಅಂಗಡಿ ಬಣಗುಟ್ಟುತ್ತಿತ್ತು. ಮೀನಿನ ತಿನಿಸನ್ನು ಮಾರಲು ಅವರು ಅನುಮತಿ ಕೇಳಿದರು. ಕ್ರಾಕ್ ಅವರ ಮನಸ್ಸಿನಲ್ಲಿದ್ದುದು ಮಾಂಸಕ್ಕೆ ಬದಲಾಗಿ ಅನಾನಸಿನ ಹೋಳನ್ನಿಟ್ಟ ಬೇರೊಂದು ತಿನಿಸು. ಕೊನೆಗೆ 1962ರ ಶುಭ ಶುಕ್ರವಾರದಂದು ಎರಡನ್ನೂ ಮಾರಾಟಕ್ಕಿಡುವುದೆಂದೂ ಹೆಚ್ಚು ಬಿಕರಿಯಾದುದನ್ನು ಉಳಿಸಿಕೊಳ್ಳುವುದೆಂದೂ ಒಪ್ಪಂದವಾಯಿತು. ಗ್ರೋಯನ್ ಅವರೇ ಮುಂದೆ ಹೇಳಿದಂತೆ, ಮೀನಿನ ತಿನಿಸು 350 ಮಾರಾಟವಾಯಿತು. ಅನಾನಸಿನದು ಕೇವಲ 6. 1965ರ ವೇಳೆಗೆ 'ಫಿಲೆ-ಒ-ಫಿಶ್' ಅಮೆರಿಕದಾದ್ಯಂತ ಸಂಸ್ಥೆಯ ಪಟ್ಟಿಯಲ್ಲಿ ಸ್ಥಾನ ಪಡೆಯಿತು.

ಆ ಕುಟುಂಬಗಳು ಚಳವಳಿ ಹೂಡಲಿಲ್ಲ, ಮನವಿಪತ್ರ ಬರೆಯಲಿಲ್ಲ. ಶುಕ್ರವಾರದಂದು ಅಂಗಡಿಯ ಮೆಟ್ಟಿಲು ಹತ್ತಲಿಲ್ಲ, ಅಷ್ಟೇ. ಮುಂದೆ 1996ರಲ್ಲಿ ಇದೇ ಸಂಸ್ಥೆ ದೆಹಲಿಯಲ್ಲಿ ಭಾರತದ ತನ್ನ ಮೊದಲ ಹೋಟೆಲನ್ನು ತೆರೆದಾಗ ಗೋಮಾಂಸವನ್ನೂ ಹಂದಿಮಾಂಸವನ್ನೂ ದೂರವಿಟ್ಟಿತು. ಜನರು ನಿಷ್ಠೆಯಿಂದ ಪಾಲಿಸುವ ನಿಯಮಕ್ಕೆ ಮಾರುಕಟ್ಟೆಯೂ ತಲೆಬಾಗುತ್ತದೆ ಎಂಬುದಕ್ಕೆ ಇವೆರಡೂ ಸಾಕ್ಷಿ.

ಆದರೆ ಈ ಕಥೆಗೆ ಇನ್ನೊಂದು ಮುಖವಿದೆ. 1966ರಲ್ಲಿ ಜಗದ್ಗುರು ಆರನೇ ಪೌಲರು ಪ್ರಾಯಶ್ಚಿತ್ತದ ನಿಯಮಗಳನ್ನು ಪರಿಷ್ಕರಿಸಿದರು. ಅದೇ ವರ್ಷ ಅಮೆರಿಕದ ಧರ್ಮಾಧ್ಯಕ್ಷರು ತಪಸ್ಸುಕಾಲದ ಹೊರಗಿನ ಶುಕ್ರವಾರಗಳ ಕಡ್ಡಾಯವನ್ನು ಸಡಿಲಿಸಿ, ತ್ಯಾಗವನ್ನು ಸ್ವಇಚ್ಛೆಯಿಂದ ಮುಂದುವರಿಸಿರೆಂದು ಜನರನ್ನು ಕೇಳಿಕೊಂಡರು. ಕಡ್ಡಾಯ ಹೋಯಿತು, ಮೀನಿನ ತಿನಿಸು ಉಳಿಯಿತು. ತ್ಯಾಗ ಉಳಿಯಿತೇ?

ಈ ಪ್ರಶ್ನೆ ದೂರದ ಸಿನ್ಸಿನಾಟಿಗೆ ಮಾತ್ರ ಸಂಬಂಧಿಸಿದ್ದಲ್ಲ. ನಮ್ಮ ಕರಾವಳಿಯ ಮನೆಯಲ್ಲಿ ಕೋಳಿಯನ್ನು ಬಿಟ್ಟು, ಅದಕ್ಕಿಂತ ದುಬಾರಿಯಾದ ಅಂಜಲ್ ಮೀನನ್ನು ತಂದು ಹುರಿದರೆ ನಿಯಮದ ಅಕ್ಷರ ಪಾಲನೆಯಾದೀತು. ಆದರೆ ನಾಲಗೆ ಏನನ್ನು ಬಿಟ್ಟುಕೊಟ್ಟಂತಾಯಿತು? ಹಸಿದವನೊಂದಿಗೆ ಅನ್ನ ಹಂಚಿಕೊಳ್ಳುವುದೇ ದೇವರಿಗೆ ಮೆಚ್ಚುಗೆಯಾದ ಉಪವಾಸವೆಂದು ಯೆಶಾಯ ಪ್ರವಾದಿಯು ಸಾರಿದ್ದಾನೆ.

ಮುಂದಿನ ಶುಕ್ರವಾರ ಮಕ್ಕಳೊಡನೆ ಕುಳಿತು ಗಂಜಿ, ಚಟ್ನಿ ಉಣ್ಣಿರಿ. ಉಳಿದ ಹಣವನ್ನು ಒಂದು ಡಬ್ಬಿಯಲ್ಲಿ ಹಾಕಿಡಿರಿ. ಅದು ಯಾರಿಗೆ ಸಲ್ಲಬೇಕೆಂದು ಆ ಮಕ್ಕಳನ್ನೇ ಕೇಳಿರಿ.