ಗೋಣು ಮತ್ತು ಕಣ್ಣು: ಪರೀಕ್ಷಣ ಸಾಧನಗಳ ಚರಿತ್ರೆಗೆ ಒಂದು ಜಾನಪದೀಯ ಟಿಪ್ಪಣಿ

ಯಾದಗಿರಿ, ಶಹಾಪುರ, ಸುರಪುರ ಪರಿಸರದ ಆಡುಮಾತಿನಲ್ಲಿ ಕುತ್ತಿಗೆಯನ್ನು 'ಗೋಣು' ಎನ್ನುತ್ತಾರೆ. ಸಿಂಬಿಯ ಮೇಲೆ ಕೊಡ ಹೊತ್ತು ನಡೆಯುವ ಹೆಣ್ಣುಮಗಳ ತಲೆ ಅಲುಗದು. ಅದರ ಕೆಳಗೆ ಮೈ ಮಾತ್ರ ಬಳುಕುತ್ತದೆ. ಗೋಣಿನ ಚಲನೆಗೂ ಕಣ್ಣಿನ ಚಲನೆಗೂ ಇರುವ ನಂಟನ್ನು ಅಳೆಯುವ ಸಾಧನವೂ ಇದೇ ಏರ್ಪಾಟನ್ನು ಆಶ್ರಯಿಸಿದೆ ಎಂಬುದು ಜಾನಪದ ಅಧ್ಯಯನದ ಗಮನಕ್ಕೆ ಬರಬೇಕಾದ ಸಂಗತಿ.

ತಲೆ ತಿರುಗಿದಾಗ ನೋಟ ಕದಲದಂತೆ ಕಣ್ಣುಗಳು ಎದುರು ದಿಕ್ಕಿಗೆ ಸರಿಯುತ್ತವೆ. ಇದರಲ್ಲಿ ಒಳಕಿವಿಯ ಪಾತ್ರ ಹಿರಿದು. ವಿಯೆನ್ನಾದ ಕಿವಿವೈದ್ಯ ರಾಬರ್ಟ್ ಬಾರಾನಿ ಅವರು ರೋಗಿಯನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ, ಕುರ್ಚಿ ನಿಂತ ಬಳಿಕ ಕಾಣುವ ಕಣ್ಣಿನ ಅದುರಾಟವನ್ನು ಪರೀಕ್ಷಿಸಿದರು. ಒಳಕಿವಿಯ ಸಮತೋಲನ ವ್ಯವಸ್ಥೆಯನ್ನು ಕುರಿತ ಸಂಶೋಧನೆಗಾಗಿ 1914ರ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ಇಂತಹ ಕುರ್ಚಿ ಮುಂದೆ ವಿಮಾನಚಾಲಕರ ಪರೀಕ್ಷೆಗೂ ಬಳಕೆಯಾಯಿತು; ಬೆಂಗಳೂರಿನಲ್ಲಿ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ 1957ರಲ್ಲಿ ಆರಂಭವಾಯಿತು.

ಆದರೆ ಬಾರಾನಿ ಕುರ್ಚಿಯಲ್ಲಿ ತಲೆಯೂ ಮೈಯೂ ಒಟ್ಟಿಗೆ ತಿರುಗುವುದರಿಂದ ಗೋಣಿನ ಪಾತ್ರ ತಿಳಿಯದು. ಅದಕ್ಕಾಗಿ ವಿಧಾನವನ್ನೇ ತಿರುವುಮುರುವು ಮಾಡಲಾಯಿತು. ಹಲ್ಲಿನಲ್ಲಿ ಕಚ್ಚಿ ಹಿಡಿಯುವ ಪಟ್ಟಿಯ ನೆರವಿನಿಂದ ತಲೆಯನ್ನು ಸ್ಥಿರಗೊಳಿಸಿ, ಕತ್ತಲೆಯಲ್ಲಿ ಕುರ್ಚಿಯನ್ನು ಮಾತ್ರ ಎಡಬಲಕ್ಕೆ ನಿಧಾನವಾಗಿ ತಿರುಗಿಸುತ್ತಾರೆ. ಆಗ ಒಳಕಿವಿಗೆ ಚಲನೆಯಿಲ್ಲ, ಕಣ್ಣಿಗೆ ದೃಶ್ಯದ ಆಸರೆಯಿಲ್ಲ; ಉಳಿಯುವುದು ಗೋಣಿನ ಪ್ರೇರಣೆಯೊಂದೇ. ಕಣ್ಣಿನ ಚಲನೆಯನ್ನು ದಾಖಲಿಸಲು ಕಣ್ಣಿನ ಸುತ್ತ ಅಂಟಿಸುವ ವಿದ್ಯುದಗ್ರಗಳು, 1963ರಲ್ಲಿ ಡೇವಿಡ್ ರಾಬಿನ್ಸನ್ ವಿವರಿಸಿದ ತಂತಿಸುರುಳಿ, ಅನಂತರ ಅವಗೆಂಪು ಕ್ಯಾಮೆರಾಗಳು ಬಂದವು. ಈ ಪ್ರತಿಕ್ರಿಯೆ ಆರೋಗ್ಯವಂತರಲ್ಲಿ ಕ್ಷೀಣ. ಒಳಕಿವಿಯ ಶಕ್ತಿ ಕುಂದಿದವರಲ್ಲಿ ಪ್ರಬಲ. ಕುತ್ತಿಗೆನೋವಿನವರಲ್ಲಿಯೂ ಅದು ಹೆಚ್ಚಿರುವುದನ್ನು ನೆದರ್‌ಲೆಂಡ್ಸ್‌ನ ಸಂಶೋಧಕರು ತೋರಿಸಿದ್ದಾರೆ.

ಹೀಗೆ ಈ ಸಾಧನಗಳ ಚರಿತ್ರೆಯೆಂದರೆ ಕಿವಿ, ಕಣ್ಣು, ಗೋಣುಗಳನ್ನು ಬೇರ್ಪಡಿಸಿ ಅರಿತ ಚರಿತ್ರೆ. ಈ ಪ್ರದೇಶದ ಆಡುನುಡಿಯೂ ತನ್ನ ರೀತಿಯಲ್ಲಿ ಬೇರ್ಪಡಿಸಿಯೇ ನುಡಿಯುತ್ತದೆ: 'ಚಕ್ಕರ್ ಬರ್ತದ', 'ಕಣ್ಣಿಗಿ ಕತ್ತಲಿ ಬರ್ತದ', 'ಗೋಣ ಹಿಡದದ'. ಮೂರನ್ನೂ 'ತಲೆಸುತ್ತು' ಎಂದು ಒಂದೇ ಮಾತಿನಲ್ಲಿ ಬರೆದುಕೊಂಡರೆ ರೋಗಿಯೇ ಕೊಟ್ಟ ಸುಳಿವು ಕಳೆದುಹೋಗುತ್ತದೆ. ಸಿಂಬಿಯ ನಡಿಗೆಗೂ ಪ್ರಯೋಗಾಲಯದ ಕುರ್ಚಿಗೂ ಇರುವ ಹೋಲಿಕೆ ಅಳತೆಯಿಲ್ಲದೆ ಪುರಾವೆಯಾಗದು, ನಿಜ. ಆದರೆ ಅಳತೆಗೆ ಮೊದಲು ಪ್ರಶ್ನೆ ಬೇಕು. ವಿಮಾನಚಾಲಕನ ಸಮತೋಲನವನ್ನು ಪರೀಕ್ಷಿಸಿದ ವಿಜ್ಞಾನ ಕೊಡ ಹೊತ್ತವಳ ಗೋಣನ್ನೂ ಕೇಳಬೇಕಾಗಿದೆ. ಆ ಪ್ರಶ್ನೆಗೆ ಬೇಕಾದ ಪದಗಳನ್ನು ಸಂಗ್ರಹಿಸಿ ಕೊಡುವುದು ಜಾನಪದ ವಿದ್ವಾಂಸರ ಹೊಣೆ.