ಪತ್ತು ಕಳೆದುಕೊಂಡವರು ಮೇಲೆದ್ದ ಬಗೆ



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಸಾಲ ಕೊಡುವ ಸಂಘಕ್ಕೆ ಪತ್ತಿನ ಸಂಘ ಅಂತ ಹೆಸರು. ಪತ್ತು ಅಂದರೆ ಬರಿಯ ಹಣವಲ್ಲ, ನಂಬಿಕೆ. ವಾಯಿದೆಗೆ ಕಟ್ಟದವನಿಗೆ ಸುಸ್ತಿದಾರ ಅನ್ನುತ್ತಾರೆ. ಸುಸ್ತಿದಾರನೆಂಬ ಹೆಸರು ಬಂದ ಸಂಸಾರ ಮತ್ತೆ ಪತ್ತು ಸಂಪಾದಿಸುವುದು ಹೇಗೆ? ನಮ್ಮ ನಾಡಿನಲ್ಲಿ ಇದಕ್ಕೊಂದು ಹಳೆಯ ಕಥೆಯೇ ಇದೆ, ಕೇಳಿ.

ಹಿಂದೆ ರೈತನ ಪತ್ತು ಸಾಹುಕಾರನ ಪುಸ್ತಕದಲ್ಲಿತ್ತು. ಮಳೆ ಕೈಕೊಟ್ಟ ವರುಷ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸುತ್ತಿದ್ದರು. ಮೂರು ಸಲ ಪತ್ರ ಬದಲಾಯಿತೋ, ಮೊದಲು ಕೈಗೆ ಬಂದ ಹಣವೆಷ್ಟು ಅನ್ನುವುದು ತಂದವನಿಗೇ ಮರೆತುಹೋಗುತ್ತಿತ್ತು. 1875ರಲ್ಲಿ ಪುಣೆ, ಅಹಮದ್‌ನಗರ ಕಡೆಯ ರೈತರು ರೊಚ್ಚಿಗೆದ್ದು ಸಾಹುಕಾರರ ಪತ್ರಗಳನ್ನೇ ಸುಟ್ಟರು. ಅದರ ಫಲವಾಗಿ ಅಲ್ಲಿ 1879ರಲ್ಲಿ ರೈತರ ಪರಿಹಾರದ ಕಾಯಿದೆ ಬಂತು.

ಮೈಸೂರು ಸಂಸ್ಥಾನದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲಕ್ಕೆ, 1894ರಲ್ಲಿ, ಬೇಸಾಯದ ಬ್ಯಾಂಕುಗಳನ್ನು ತೆರೆದರು. ಸರ್ಕಾರದ ಹಣ ಬಂತು, ಬಾಕಿಯೂ ಬೆಳೆಯಿತು. ಸರ್ಕಾರದ ದುಡ್ಡು ತಾನೇ, ಯಾರು ಕೇಳುತ್ತಾರೆ ಅನ್ನುವ ಮಾತು ಇವತ್ತಿನದಲ್ಲ, ನೋಡಿ!

1905ರಲ್ಲಿ ಬೇರೆ ದಾರಿ ಕಂಡಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದರು. ಅದೇ ವರುಷ ಮೈಸೂರಿನಲ್ಲೂ ಸಹಕಾರ ಕಾಯಿದೆ ಬಂತು. ಅಂಥ ಹಳ್ಳಿ ಸಂಘಗಳಲ್ಲಿ ಒಬ್ಬನ ಸಾಲಕ್ಕೆ ಉಳಿದವರ ಆಸ್ತಿಯೂ ಹೊಣೆ. ಆದ್ದರಿಂದ ಸಾಲ ಕೊಡುವ ಮುಂಚೆ ನೆರೆಯವರೇ ಕೇಳುತ್ತಿದ್ದರು: ಏನಪ್ಪಾ, ಎತ್ತು ಕೊಳ್ಳೋಕೋ, ಜಾತ್ರೆಗೋ? ಒಬ್ಬನೇ ಹೋದರೆ ಯಾರೂ ನಂಬದ ಬಡವನಿಗೆ ಊರಿನ ಹೊಣೆಯೇ ಪತ್ತು ತಂದುಕೊಟ್ಟಿತು.

1928ರಲ್ಲಿ ಮೈಸೂರಿಗೂ ರೈತರ ಪರಿಹಾರದ ಕಾಯಿದೆ ಬಂತು. ಮುಂದಿನ ವರುಷವೇ ಜಗತ್ತಿನ ವ್ಯಾಪಾರ ಕುಸಿಯಿತು. ಜಪಾನ್, ಚೀನಾ ದೇಶಗಳ ಅಗ್ಗದ ರೇಷ್ಮೆ ಬಂದು ನಮ್ಮ ಗೂಡಿನ ಬೆಲೆ ನೆಲ ಕಚ್ಚಿತು. ಹುಳು ಸಾಕಿದ ಮನೆಗಳಿಗೆ ಆದ ಕಷ್ಟ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಕಾಯಿದೆಯ ಪ್ರಕಾರ ನ್ಯಾಯಾಲಯ ಪತ್ರದ ಮೇಲಿನ ಮೊತ್ತಕ್ಕೆ ನಿಲ್ಲದೆ, ಮೊದಲಿನಿಂದ ಲೆಕ್ಕ ತೆಗೆಸಿ ನೋಡಬಹುದಿತ್ತು, ಕಂತು ಕಟ್ಟಿಕೊಡಬಹುದಿತ್ತು. 1937ರ ಇನ್ನೊಂದು ಕಾಯಿದೆ ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸುವ ಮಂಡಲಿಗೆ ಅವಕಾಶ ಕೊಟ್ಟಿತು. ನನ್ನ ಮಟ್ಟಿಗೆ ಇವೆರಡರ ದೊಡ್ಡ ಗುಣ ಸಾಲ ಇಳಿಸಿದ್ದಲ್ಲ, ಲೆಕ್ಕ ತೋರಿಸು ಅಂದದ್ದು.

ಆದರೂ 1951-52ರಲ್ಲಿ ದೇಶದ ಹಳ್ಳಿ ಸಾಲದ ಸಮೀಕ್ಷೆ ಮಾಡಿದಾಗ, ರೈತರು ತಂದ 100 ರೂಪಾಯಿಯಲ್ಲಿ ಸಹಕಾರ ಸಂಘಗಳದ್ದು ಸುಮಾರು 3 ರೂಪಾಯಿ, ಲೇವಾದೇವಿಯವರದ್ದು ಸುಮಾರು 70! 1976ರಲ್ಲಿ ದೇವರಾಜ ಅರಸರ ಸರ್ಕಾರ ಸಾಲ ಪರಿಹಾರ ಕಾಯಿದೆ ತಂದು ಸಣ್ಣ ರೈತರ, ಭೂಮಿಯಿಲ್ಲದ ಕೂಲಿಗಾರರ ಖಾಸಗಿ ಸಾಲ ತೀರಿತು ಅಂದಿತು. ಹೊರೆ ಇಳಿಯಿತು, ನಿಜ. ಆದರೆ ನಾಳೆ ಬಿತ್ತನೆಗೆ ಹಣ ಕೊಡುವವರು ಯಾರು? ಅದಕ್ಕೆ ಮತ್ತೆ ಹೊಣೆಗಾರರ ಗುಂಪೇ ಬೇಕಾಯಿತು. 1992ರಿಂದ ಬ್ಯಾಂಕುಗಳು ಹೆಂಗಸರ ಸ್ವಸಹಾಯ ಗುಂಪುಗಳಿಗೆ ಸಾಲ ಕೊಡತೊಡಗಿದವು. ಕಣಗಿನಹಾಳದ ಪಾಠವೇ ಅದು, ಸೀರೆ ಉಟ್ಟು ಬಂತು ಅಷ್ಟೆ.

ಈಗ ನಿಮ್ಮ ಪತ್ತು ಸಿಬಿಲ್‌ನಂಥ ಕಂಪನಿಗಳ ಲೆಕ್ಕದಲ್ಲಿ 300ರಿಂದ 900ರೊಳಗಿನ ಅಂಕಿಯಾಗಿ ಕೂತಿದೆ. ಇಲ್ಲೂ 1928ರ ಮಾತೇ: ಲೆಕ್ಕ ಕೇಳಿ. ಇಂಥ ಪ್ರತಿ ಕಂಪನಿಯೂ ವರುಷಕ್ಕೊಮ್ಮೆ ನಿಮ್ಮ ವರದಿಯನ್ನು ಪುಕ್ಕಟೆ ಕೊಡಬೇಕು. ತಪ್ಪಿದ್ದರೆ ದೂರು ಕೊಡಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ಆಮೇಲಿನ ದಿನಕ್ಕೆ 100 ರೂಪಾಯಿಯಂತೆ ಪರಿಹಾರವುಂಟು. ರಿಯಾಯಿತಿ ಪಡೆದು ಒಂದೇ ಸಲ ತೀರುವಳಿ ಮಾಡಿಕೊಂಡರೆ ‘ಪೂರ್ತಿ ತೀರಿದೆ’ ಅಂತ ಬರೆಯುವುದಿಲ್ಲ, ‘ರಾಜಿಯಾಗಿದೆ’ ಅಂತಲೇ ಬರೆಯುತ್ತಾರೆ. ಅದು ಮುಂದಿನ ಸಾಲಕ್ಕೆ ತೊಡಕು. ಪೂರ್ತಿ ಕಟ್ಟಲು ಶಕ್ತಿಯಿದ್ದರೆ ಕಂತು ಕೇಳುವುದೇ ಲೇಸು.

ಸಾಲ ತೀರಿದ ದಿನವೇ ಬೇಬಾಕಿ ಪತ್ರ ಬರೆಸಿಕೊಳ್ಳಿ. ಆಮೇಲೆ ಪಹಣಿ ತೆಗೆಸಿ 11ನೇ ಕಲಮು ನೋಡಿ. ಹಳೆಯ ಸಾಲದ ನಮೂದು ಇನ್ನೂ ಅಲ್ಲೇ ಇದ್ದರೆ ಅದನ್ನು ತೆಗೆಸಿಕೊಂಡೇ ಮನೆಗೆ ಬನ್ನಿ.