ನೀಲಿ ಬೆಳಕು ತಡೆಯುವ ಮಸೂರ
ಗೋಚರ ಬೆಳಕಿನಲ್ಲಿ ಸುಮಾರು 400ರಿಂದ 500 ನ್ಯಾನೊಮೀಟರ್ ತರಂಗಾಂತರದ ಭಾಗವನ್ನು ತಗ್ಗಿಸಲು ಲೇಪನ ಅಥವಾ ಬಣ್ಣ ಸೇರಿಸಿ ತಯಾರಿಸಿದ ಕನ್ನಡಕದ ಮಸೂರ. ಅಂಗಡಿಗಳಲ್ಲಿ ‘ಬ್ಲೂ ಕಟ್’ ಎಂದೇ ಪರಿಚಿತ. ಬಣ್ಣವಿಲ್ಲದಂತೆ ಕಾಣುವ ಮಸೂರಗಳು ಸಾಮಾನ್ಯವಾಗಿ ಈ ಬೆಳಕಿನ ಶೇ. 10ರಿಂದ 25ರಷ್ಟನ್ನು ಮಾತ್ರ ತಡೆಯುತ್ತವೆ. ಇನ್ನೂ ಹೆಚ್ಚು ತಡೆಯಬೇಕಾದರೆ ಮಸೂರಕ್ಕೆ ಹಳದಿ ಇಲ್ಲವೇ ಕಿತ್ತಳೆ ಛಾಯೆ ಬೇಕು. ಆಗ ಕಡುನೀಲಿ ಮತ್ತು ಕಪ್ಪನ್ನು ಬೇರೆಬೇರೆಯಾಗಿ ಗುರುತಿಸುವುದು ಕಷ್ಟ. 17 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ 2023ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ಕಂಪ್ಯೂಟರ್ ಬಳಕೆಯಿಂದಾಗುವ ಕಣ್ಣಿನ ಆಯಾಸವನ್ನು ಇವು ಅಲ್ಪಾವಧಿಯಲ್ಲಿ ಸಾದಾ ಮಸೂರಗಳಿಗಿಂತ ಹೆಚ್ಚು ತಗ್ಗಿಸಲಾರವು. ದೃಷ್ಟಿಯ ತೀಕ್ಷ್ಣತೆಯನ್ನೂ ಹೆಚ್ಚಿಸಲಾರವು. ನಿದ್ರೆಯ ಕುರಿತ ಫಲಿತಾಂಶಗಳು ಒಂದೇ ತೆರನಾಗಿಲ್ಲ. ಪರದೆಯ ಮುಂದೆ ಕುಳಿತವರ ಕಣ್ಣು ಒಣಗಿ ಉರಿಯಲು ರೆಪ್ಪೆ ಮಿಟುಕಿಸುವುದು ಕಡಿಮೆಯಾಗುವುದೇ ದೊಡ್ಡ ಕಾರಣ. ಪರದೆಗಿಂತ ಬಯಲಿನ ಹಗಲು ಬೆಳಕಿನಲ್ಲಿ ನೀಲಿ ಅಂಶ ಎಷ್ಟೋ ಪಟ್ಟು ಹೆಚ್ಚು. ಜಾಹೀರಾತುಗಳು ಇದನ್ನು ಹೇಳುವುದು ಅಪರೂಪ.